ರೇಡಿಯೊಗೆ, ಪಾಡ್‌ಕಾಸ್ಟ್‌ಗೆ ಐಡಿಯಾ ಒಪ್ಪಿಸುವುದು ಹೇಗೆ? ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ತೀರ್ಥಹಳ್ಳಿ, ಹೊಸನಗರ, ಶಿವಮೊಗ್ಗದ ಕಡೆಯಿಂದ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತಿನಿಂದ ಶುರುವಾಗುತ್ತವೆ: "ಒಂದು ಒಳ್ಳೇ ಸಬ್ಜೆಕ್ಟ್ ಇದೆ ಮಾರಾಯ್ರೆ, ರೇಡಿಯೊದಲ್ಲಿ ಮಾಡ್ಬಹುದಾ?" ನಾನು ಬಹಳ ವರ್ಷ ರೇಡಿಯೊಗೆ ಬರೆದವನು, ಓದಿದವನು, ಬೇಡ ಅನ್ನಿಸಿಕೊಂಡು ವಾಪಸ್ ಬಂದವನೂ ಹೌದು. ಈಗ ಗೆಳೆಯರ ಪಾಡ್‌ಕಾಸ್ಟ್‌ಗಳಿಗೆ ಕೈಜೋಡಿಸುತ್ತೇನೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ನನ್ನ ಹತ್ತಿರ ಒಳ್ಳೆಯ ವಿಷಯ ಇದೆ. ಸೀದಾ ಹೋಗಿ ಹೇಳಬಹುದಾ?

ಹೇಳಬಹುದು. ಆದರೆ ನಿಮ್ಮ ಹತ್ತಿರ ಇರುವುದು ವಿಷಯ ಅಷ್ಟೆ, ಕಾರ್ಯಕ್ರಮ ಅಲ್ಲ.

ನನ್ನದೇ ಕಥೆ ಹೇಳುತ್ತೇನೆ. ಮೊದಲ ಸಲ ಒಂದು ನಿಲಯಕ್ಕೆ ಹೋದಾಗ ಕೈಯಲ್ಲಿ 14 ಪುಟ ಇತ್ತು. ತಲೆಬರಹ 'ಮಲೆನಾಡಿನ ಸಂಸ್ಕೃತಿ'. ಅಲ್ಲಿದ್ದ ಕಾರ್ಯಕ್ರಮ ನಿರ್ವಾಹಕರು ಮೊದಲ ಪುಟ ಓದಿ, ಉಳಿದದ್ದನ್ನು ಬೆರಳಲ್ಲಿ ಸರ್ರನೆ ಸರಿಸಿ, "ಇದನ್ನ ಕೇಳೋರು ಆ ಹೊತ್ತಲ್ಲಿ ಎಂತ ಮಾಡ್ತಿರ್ತಾರೆ?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಬಸ್‌ಸ್ಟ್ಯಾಂಡಿಗೆ ನಡೆದುಕೊಂಡು ಬರುವಾಗ ಆ ಮನುಷ್ಯರ ಮೇಲೆ ಸಿಟ್ಟು ಬಂದಿತ್ತು. ಆಮೇಲೆ ನಾನು ಬರೆದ ಪ್ರತಿಯೊಂದು ಪ್ರಸ್ತಾವನೆಯೂ ಅದೇ ಪ್ರಶ್ನೆಯಿಂದಲೇ ಶುರುವಾಗಿದೆ.

ರೇಡಿಯೊವನ್ನು ಯಾರೂ ಕೈಕಟ್ಟಿ ಕೂತು ಕೇಳುವುದಿಲ್ಲ. ಹಾಲು ಕರೆಯುತ್ತಾ, ದೋಸೆ ಹುಯ್ಯುತ್ತಾ, ಪಿಕಪ್ ಓಡಿಸುತ್ತಾ, ಅಡಿಕೆ ಸುಲಿಯುತ್ತಾ ಕೇಳುತ್ತಾರೆ. ಪಾಡ್‌ಕಾಸ್ಟ್ ಕೂಡ ಹಾಗೇ. ಶಿವಮೊಗ್ಗದಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿದ ಹುಡುಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಾನೆ. ಕೈ ಕೆಲಸದಲ್ಲಿದ್ದು ಕಿವಿ ಮಾತ್ರ ಖಾಲಿ ಇರುವ ಒಬ್ಬ ಮನುಷ್ಯನನ್ನು ಕಣ್ಣ ಮುಂದೆ ತಂದುಕೊಳ್ಳಿ. ಅವನ ಮುಖ ಕಾಣುವವರೆಗೆ ಪೆನ್ನು ಹಿಡಿಯಬೇಡಿ.

ವಿಷಯಕ್ಕೂ ಕಾರ್ಯಕ್ರಮಕ್ಕೂ ಏನು ವ್ಯತ್ಯಾಸ? ಉದಾಹರಣೆ ಕೊಡಿ.

'ಶರಾವತಿ ಮುಳುಗಡೆ' ಒಂದು ವಿಷಯ. ಊರುಗಳನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಬಗ್ಗೆ ಲೇಖನ ಬಂದಿವೆ, ಭಾಷಣ ಆಗಿವೆ, ಹೋರಾಟ ಇವತ್ತಿಗೂ ಮುಗಿದಿಲ್ಲ. 'ಮುಳುಗಡೆ ಬಗ್ಗೆ ಮಾಡ್ತೀನಿ' ಎಂದರೆ ಕೇಳುವವರು ತಲೆ ಅಲ್ಲಾಡಿಸಿ ಸುಮ್ಮನಾಗುತ್ತಾರೆ.

ಈಗ ಇದನ್ನು ನೋಡಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಆ ಕಡೆಯಿಂದ ಎದ್ದು ಬಂದ ಮನೆಯ ಒಬ್ಬ ಅಜ್ಜಿಯನ್ನು, ಅವರ ಮೊಮ್ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು. ಅಜ್ಜಿ ದಾರಿ ತೋರಿಸುತ್ತಾ ನಡೆಯುತ್ತಾರೆ, ಮೊಮ್ಮಗಳು ಪ್ರಶ್ನೆ ಕೇಳುತ್ತಾಳೆ. ಒಣಗಿ ಬಿರಿದ ಕೆಸರಿನ ಮೇಲೆ ಕಾಲಿಟ್ಟ ಶಬ್ದ, ಗಾಳಿ, ಇಬ್ಬರ ಮಾತು. ಅರ್ಧ ಗಂಟೆ. ಇದು ಕಾರ್ಯಕ್ರಮ. ಯಾರ ಧ್ವನಿ, ಎಲ್ಲಿ, ಎಷ್ಟು ಹೊತ್ತು, ಯಾವ ತಿಂಗಳು, ಎಲ್ಲವೂ ಇದರಲ್ಲೇ ಇದೆ.

ಇನ್ನೊಂದು: 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಅಷ್ಟು ವರ್ಷ ಸಿಗಂದೂರಿಗೆ ಹೋಗುವವರು, ತುಮರಿಯಿಂದ ಸಾಗರದ ಆಸ್ಪತ್ರೆಗೆ ಓಡುವವರು ಎಲ್ಲರೂ ಲಾಂಚಿಗೆ ಕಾಯಬೇಕಿತ್ತು. 'ಸೇತುವೆಯಿಂದ ಆದ ಅನುಕೂಲ' ಎಂದರೆ ಅದು ಸರ್ಕಾರಿ ಭಾಷಣ. 'ಕೊನೆಯ ಲಾಂಚು ತಪ್ಪಿದ ರಾತ್ರಿ ದಡದಲ್ಲಿ ಏನು ಮಾಡಿದಿರಿ?' ಎಂದು ಹತ್ತು ಜನರನ್ನು ಕೇಳಿದರೆ ಹತ್ತು ಕಂತು ಸಿಗುತ್ತದೆ.

ನನ್ನ ವಿಷಯ ರೇಡಿಯೊಗೆ ಒಗ್ಗುತ್ತದೋ ಇಲ್ಲವೋ ತಿಳಿಯುವುದು ಹೇಗೆ?

ಕಣ್ಣು ಮುಚ್ಚಿ, ಮೊದಲ ಒಂದು ನಿಮಿಷದಲ್ಲಿ ಏನು ಕೇಳಿಸುತ್ತದೆ ಎಂದು ಮನಸ್ಸಿನಲ್ಲೇ ಆಲಿಸಿ. ಬರೀ ನಿಮ್ಮ ಧ್ವನಿ ವಿವರಣೆ ಕೊಡುತ್ತಿದ್ದರೆ ಅದು ಲೇಖನವಾದರೂ ಆದೀತು, ವಿಡಿಯೊ ಆದರೂ ಆದೀತು.

ಹಾಗೆಂದು ಕಣ್ಣಿನ ವಿಷಯವೆಲ್ಲ ಕೈಬಿಡಬೇಕಾಗಿಲ್ಲ. ದೀವರ ಸಮುದಾಯದ ಹೆಂಗಸರು ಗೋಡೆಗೆ, ಬುಟ್ಟಿಗೆ ಬರೆಯುವ ಹಸೆ ಚಿತ್ತಾರ ಪೂರ್ತಿ ಕಣ್ಣಿನದು. ಆದರೆ ಭೂಮಿ ಹುಣ್ಣಿಮೆಯ ಬುಟ್ಟಿಗೆ ಚಿತ್ತಾರ ಬರೆಯುವಾಗ ಪುಂಡಿನಾರಿನ ಕುಂಚ ಹೇಗೆ ಮಾಡಿಕೊಳ್ಳುತ್ತಾರೆ, ಕೆಮ್ಮಣ್ಣು ಎಲ್ಲಿಂದ ತರುತ್ತಾರೆ, ಅಕ್ಕಿ ಹುರಿದು ಕಪ್ಪು ಮಾಡುವಾಗ ಯಾವ ಹದಕ್ಕೆ ಇಳಿಸುತ್ತಾರೆ ಎಂದು ದೀವರ ಮನೆಯ ಹೆಂಗಸರು ಕೆಲಸ ಮಾಡುತ್ತಲೇ ಹೇಳಿದರೆ, ಜೊತೆಗೆ ಹಾಡೂ ಬಂದರೆ, ಅದು ಕಿವಿಯದೇ ಆಗುತ್ತದೆ. ಚಿತ್ತಾರ ಹೇಗೆ ಕಾಣುತ್ತದೆ ಎಂದು ವರ್ಣಿಸಲು ಹೊರಟರೆ ಮಾತ್ರ ಕೆಟ್ಟಿತು.

ನಮ್ಮ ಕಡೆ ಕಿವಿಗೆಂದೇ ಹುಟ್ಟಿದ ಸಂಗತಿಗಳಿಗೆ ಬರವಿಲ್ಲ. ಹೊಸಹಳ್ಳಿ–ಮತ್ತೂರಿನ ಗಮಕ, ದೀಪಾವಳಿಯಲ್ಲಿ ಮನೆಮನೆಗೆ ದೀಪ ಒಯ್ದು ಹಾಡುವ ಅಂಟಿಗೆ-ಪಂಟಿಗೆ, ತಾಳಮದ್ದಳೆ, ಸಕ್ರೆಬೈಲಿನಲ್ಲಿ ಆನೆಗೆ ಮಾವುತ ಹೇಳುವ ಮಾತು. ಇವು ಕೈಗೆಟುಕುವ ದೂರದಲ್ಲಿ ಇದ್ದರೂ ಜನ ಯಾಕೋ 'ಪರಿಸರ ಜಾಗೃತಿ' ಎಂದೇ ಪ್ರಸ್ತಾವನೆ ಬರೆದು ತರುತ್ತಾರೆ.

ಪ್ರಸ್ತಾವನೆಯಲ್ಲಿ ಏನೇನು ಬರೆಯಬೇಕು? ಎಷ್ಟು ಪುಟ?

ಒಂದೇ ಪುಟ. ಎರಡನೇ ಪುಟಕ್ಕೆ ಹೋಯಿತೆಂದರೆ ನಿಮಗೇ ಇನ್ನೂ ಸ್ಪಷ್ಟವಾಗಿಲ್ಲ ಎಂದು ಅರ್ಥ. ಹೆಸರು, ಯಾರಿಗಾಗಿ, ಎಷ್ಟು ನಿಮಿಷ, ಎಷ್ಟು ಕಂತು, ಒಂದು ಕಂತಿನಲ್ಲಿ ಏನು ನಡೆಯುತ್ತದೆ, ಈಗಲೇ ಯಾಕೆ, ನೀವೇ ಯಾಕೆ. ನನ್ನ ಒಂದು ಹಳೆಯ ಪ್ರಸ್ತಾವನೆಯನ್ನು ಸ್ವಲ್ಪ ತಿದ್ದಿ ಇಲ್ಲಿ ಕೊಡುತ್ತೇನೆ:

"ಹೆಸರು: ಸುಲಿಯೋ ಹೊತ್ತು. ವಾರಕ್ಕೊಂದರಂತೆ 13 ಕಂತು, ತಲಾ 30 ನಿಮಿಷ, ರಾತ್ರಿ ಊಟದ ನಂತರ. ನವೆಂಬರಿನಿಂದ ಜನವರಿಯವರೆಗೆ ಅಡಿಕೆ ಸುಗ್ಗಿಯಲ್ಲಿ ಚಪ್ಪರದಡಿ ಕೂತು ರಾತ್ರಿ ಸುಲಿಯುವ ಹೆಂಗಸರು, ಗಂಡಸರಿಗಾಗಿ. ಪ್ರತಿ ಕಂತೂ ಒಂದು ಮನೆಯ ಚಪ್ಪರದಲ್ಲೇ ಧ್ವನಿಮುದ್ರಣವಾಗುತ್ತದೆ. ಸುಲಿಯುವ ಮೆಟ್ಟುಗತ್ತಿಯ ಸದ್ದು, ಹಂಡೆಯಲ್ಲಿ ಅಡಿಕೆ ಬೇಯುವ ಸದ್ದಿನಿಂದ ಶುರು. ಆ ಮನೆಯವರು ಒಂದು ಒಗಟು ಹಾಕುತ್ತಾರೆ, ಉತ್ತರ ಮುಂದಿನ ವಾರದ ಚಪ್ಪರದಲ್ಲಿ. ಮಧ್ಯೆ ಒಂದು ಕಥೆ ಅಥವಾ ಹಾಡು. ಕೊನೆಯ ಐದು ನಿಮಿಷ ಅನುಭವಸ್ಥರೊಬ್ಬರಿಂದ ಕೆಲಸದ ಮಾತು: ರಾಶಿ, ಬೆಟ್ಟೆ, ಸರಕು, ಗೊರಬಲು ವಿಂಗಡಿಸುವುದು ಹೇಗೆ, ಅಡಿಕೆ ಬೇಯಿಸುವ ಚೊಗರಿನ ಹದ ಯಾವುದು. ನಾನು ಇದೇ ತಾಲೂಕಿನವನು, ಚಪ್ಪರದಲ್ಲೇ ಬೆಳೆದವನು. ಎಂಟು ಮನೆಯವರು ಒಪ್ಪಿದ್ದಾರೆ. ಮೂರು ನಿಮಿಷದ ಮಾದರಿ ಜೊತೆಗಿದೆ."

ಇಷ್ಟೇ. 'ಮಲೆನಾಡಿನ ಆರ್ಥಿಕತೆಯ ಬೆನ್ನೆಲುಬಾದ ಅಡಿಕೆಯು' ಎಂಬ ಪೀಠಿಕೆ ಇಲ್ಲ, ಗಮನಿಸಿ. ನಿಲಯದವರಿಗೆ ಅಡಿಕೆ ಎಂದರೇನು ಎಂದು ಗೊತ್ತಿದೆ.

ಇದಕ್ಕೆ ಬಂದ ಎದುರು ಪ್ರಶ್ನೆಯನ್ನೂ ಹೇಳಿಬಿಡುತ್ತೇನೆ: "ಈಗ ಸುಲಿಯೋ ಮಷೀನು ಬಂದಿದೆಯಲ್ರೀ, ಕೈಯಲ್ಲಿ ಸುಲಿಯೋರು ಎಷ್ಟು ಜನ ಉಳಿದಿದ್ದಾರೆ?" ಈ ಸಲ ಉತ್ತರ ಕೈಯಲ್ಲಿತ್ತು. ಮಷೀನು ಬಂದ ಮನೆಯನ್ನೂ ಒಂದು ಕಂತಿಗೆ ಸೇರಿಸಿದ್ದೆ. ಚಪ್ಪರದ ಹರಟೆ ಎಲ್ಲಿಗೆ ಹೋಯಿತು ಎಂದು ಕೇಳುವ ಕಂತು ಅದು. ನಿಮ್ಮ ಐಡಿಯಾಕ್ಕೆ ಬೀಳಬಹುದಾದ ಅತಿ ಕಷ್ಟದ ಪ್ರಶ್ನೆಯನ್ನು ಮನೆಯಲ್ಲೇ ಯಾರಿಂದಲಾದರೂ ಕೇಳಿಸಿಕೊಂಡು ಹೋಗಿ. ಹೆಂಡತಿ, ಗಂಡ, ಹೈಸ್ಕೂಲಿಗೆ ಹೋಗುವ ಮಗಳು, ಯಾರಾದರೂ ಆದೀತು. ಅವರು ದಾಕ್ಷಿಣ್ಯ ಮಾಡುವುದಿಲ್ಲ.

ಭದ್ರಾವತಿ ಆಕಾಶವಾಣಿಗೆ ಹೇಗೆ ಕೊಡುವುದು?

ಭದ್ರಾವತಿ ನಿಲಯ 1965ರಿಂದ ನಮ್ಮ ಜಿಲ್ಲೆಯ ಜೊತೆಗಿದೆ, ಎಫ್.ಎಂ.ನಲ್ಲಿ 103.5. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದೇ ಕನ್ನಡ ನಾಡಿನಲ್ಲಿ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರು ಮಾಡಿದ ಬಾನುಲಿ ಕೇಂದ್ರದ ಹೆಸರು ಅದು. ಇದನ್ನು ಪ್ರಸ್ತಾವನೆಯಲ್ಲಿ ಬರೆಯಬೇಡಿ, ಅವರಿಗೆ ಬಾಯಿಪಾಠ ಆಗಿರುತ್ತದೆ.

ನಿಲಯದ ಮುಖ್ಯಸ್ಥರ ಹೆಸರಿಗೆ ಪತ್ರ ಬರೆದು, ಯಾವ ವಿಭಾಗಕ್ಕೆ ಎಂದು ಸ್ಪಷ್ಟವಾಗಿ ನಮೂದಿಸಿ: ಕೃಷಿ, ಮಹಿಳೆ, ಮಕ್ಕಳು, ಯುವವಾಣಿ, ನಾಟಕ, ಸಂಗೀತ, ಚಿಂತನ. ಒಂದೊಂದನ್ನು ಒಬ್ಬೊಬ್ಬರು ನೋಡಿಕೊಳ್ಳುತ್ತಾರೆ. ವಿಭಾಗ ತಪ್ಪಿದರೆ ಕಾಗದ ಮೇಜಿಂದ ಮೇಜಿಗೆ ಅಲೆದು ತಿಂಗಳು ಕಳೆಯುತ್ತದೆ. ಸಾಧ್ಯವಾದರೆ ಮೊದಲೇ ಫೋನ್ ಮಾಡಿ, ಸಮಯ ಕೇಳಿಕೊಂಡು ಹೋಗಿ ಮುಖತಃ ಮಾತಾಡಿ. ನಮ್ಮ ಕಡೆ ಕಾಗದಕ್ಕಿಂತ ಒಂದು ಲೋಟ ಕಾಫಿಯ ಮಾತು ಬೇಗ ಮುಟ್ಟುತ್ತದೆ.

ಹೋಗುವ ಮುಂಚೆ ಎರಡು ವಾರ ನಿಲಯವನ್ನು ಬಿಡದೆ ಕೇಳಿ. ರೇಡಿಯೊ ಇಲ್ಲದಿದ್ದರೆ 'ನ್ಯೂಸ್ ಆನ್ ಎಐಆರ್' ಆ್ಯಪ್‌ನಲ್ಲಿ ಆಕಾಶವಾಣಿ ನಿಲಯಗಳು ಸಿಗುತ್ತವೆ. ಈಗಾಗಲೇ ವಾರವಾರ ಬರುತ್ತಿರುವುದನ್ನೇ 'ಹೊಸ ಐಡಿಯಾ' ಎಂದು ಹೇಳಿ ಮುಜುಗರಕ್ಕೆ ಸಿಕ್ಕಿಕೊಂಡವರನ್ನು ನೋಡಿದ್ದೇನೆ.

ಯಾವ ತಿಂಗಳಲ್ಲಿ ಕೊಟ್ಟರೆ ಒಳ್ಳೆಯದು?

ಆಕಾಶವಾಣಿಯಲ್ಲಿ ಮೂರು ಮೂರು ತಿಂಗಳಿಗೆ ಮುಂಚಿತವಾಗಿ ಕಾರ್ಯಕ್ರಮಗಳ ಪಟ್ಟಿ ತಯಾರಾಗುತ್ತದೆ. ಮೂರು ತಿಂಗಳಿಗೆ 13 ವಾರ. ನನ್ನ ಪ್ರಸ್ತಾವನೆಯಲ್ಲಿ 13 ಕಂತು ಇದ್ದದ್ದು ಅದಕ್ಕೇ.

ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಉಣುಗಿನಿಂದ ಹರಡುವುದು, ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ ಕಾಣಿಸಿಕೊಳ್ಳುವುದು. ಜನವರಿಯಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಪ್ರಸ್ತಾವನೆ ಹಿಡಿದು ಓಡಿದರೆ, ಕಾರ್ಯಕ್ರಮ ಪ್ರಸಾರವಾಗುವಾಗ ಮಳೆ ಹಿಡಿದಿರುತ್ತದೆ. ದರಗು, ಅಂದರೆ ಒಣಗಿದ ಎಲೆ, ಗುಡಿಸಿ ತರಲು ಕಾಡಿಗೆ ಹೋಗುವ ಮುಂಚೆಯೇ ಜನರ ಕಿವಿಗೆ ಬೀಳಬೇಕೆಂದರೆ ಆಗಸ್ಟ್, ಸೆಪ್ಟೆಂಬರಿನಲ್ಲೇ ಮಾತಾಡಿರಬೇಕು. ಅಡಿಕೆ ಕೊಳೆರೋಗ, ಬೋರ್ಡೊ ದ್ರಾವಣದ ಬಗ್ಗೆ ಮಾಡುವುದಾದರೆ ಮೊದಲ ಔಷಧಿ ಹೊಡೆಯುವ ಮುಂಚೆ, ಮೇ ತಿಂಗಳಲ್ಲೇ ಪ್ರಸಾರವಾಗಬೇಕು. ಅಂದರೆ ಜನವರಿ–ಫೆಬ್ರವರಿಯಲ್ಲಿ ಪ್ರಸ್ತಾವನೆ. ಪಂಚಾಂಗ ಎದುರಿಗಿಟ್ಟುಕೊಂಡು ಹಿಂದಕ್ಕೆ ಎಣಿಸಿ.

ಆಕಾಶವಾಣಿಯಲ್ಲಿ ಏನು ಹೇಳಬಾರದು?

ಅವರಿಗೊಂದು ಪ್ರಸಾರ ಸಂಹಿತೆ ಇದೆ. ಜಾತಿ-ಧರ್ಮದ ನಿಂದನೆ, ರಾಜಕೀಯ ಪಕ್ಷವನ್ನು ಹೆಸರಿಸಿ ದೂಷಿಸುವುದು, ನ್ಯಾಯಾಲಯದ ನಿಂದನೆ, ಹಿಂಸೆಗೆ ಪ್ರಚೋದನೆ, ಇವು ಸಲ್ಲವು. ಅಂಗಡಿ, ಕಂಪನಿ ಹೆಸರೂ ಸುಮ್ಮನೆ ಬರುವಂತಿಲ್ಲ. ಭಾಷಣ ಓದುವವರಿಂದ ಸ್ಕ್ರಿಪ್ಟ್ ಮೊದಲೇ ತರಿಸಿಕೊಳ್ಳುತ್ತಾರೆ. ನನ್ನ ಓದಿಗೆ ನಿಮಿಷಕ್ಕೆ 100 ಪದದ ಆಸುಪಾಸು ಹಿಡಿಯುತ್ತದೆ. ನೀವು ಗಟ್ಟಿಯಾಗಿ ಓದಿ, ಗಡಿಯಾರ ನೋಡಿ ನಿಮ್ಮ ಲೆಕ್ಕ ತಿಳಿದುಕೊಳ್ಳಿ. ನಾಟಕದಲ್ಲಿ ಪಾತ್ರ ಮಾಡಬೇಕೆಂದರೆ ಧ್ವನಿ ಪರೀಕ್ಷೆ ಪಾಸಾಗಬೇಕು, ಅದರ ದಾರಿಯೇ ಬೇರೆ.

ಸಮುದಾಯ ಬಾನುಲಿಗೆ ಕೊಡಬಹುದಾ?

ಖಂಡಿತ. ಹೊಸಬರಿಗೆ ನಾನು ಮೊದಲು ತೋರಿಸುವ ಬಾಗಿಲು ಅದೇ. ಸುತ್ತಲಿನ ಊರಿನವರಿಗಾಗಿ ಇಂಥ ಸಣ್ಣ ಎಫ್.ಎಂ. ನಿಲಯ ನಡೆಸಲು 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಇದ್ದ ಅವಕಾಶ 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ತೆರೆಯಿತು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ತಯಾರಾಗಬೇಕು ಎಂಬುದು ನಿಯಮ. ಹಾಗಾಗಿ ಅವರಿಗೆ ನಿಮ್ಮಂಥವರು ಬೇಕೇ ಬೇಕು. ಸ್ವಂತವಾಗಿ ಸುದ್ದಿ, ರಾಜಕೀಯ ಚರ್ಚೆ ಮಾಡುವಂತಿಲ್ಲ. ಹವಾಮಾನ, ಪರೀಕ್ಷೆ, ನೀರು-ಕರೆಂಟಿನ ಪ್ರಕಟಣೆ, ಆರೋಗ್ಯದ ಎಚ್ಚರಿಕೆ ಮಾಡಬಹುದು.

ಮಲೆನಾಡಿನಲ್ಲಿ ಒಂದು ತೊಡಕು. ಸಮುದಾಯ ಬಾನುಲಿಯ ಪ್ರಸಾರದ ಬಲ ಸಾಮಾನ್ಯವಾಗಿ 100 ವಾಟ್ ಮಾತ್ರ. ಎಫ್.ಎಂ. ಅಲೆ ನೆಟ್ಟಗೆ ಹೋಗುವಂಥದ್ದು, ಗುಡ್ಡ ಅಡ್ಡ ಬಂದರೆ ಮುಗಿಯಿತು. ಬಯಲುಸೀಮೆಯಲ್ಲಿ ಹತ್ತು ಕಿಲೋಮೀಟರು ಹಬ್ಬುವುದು ಇಲ್ಲಿ ಗುಡ್ಡದ ಆಚೆ ಮಗ್ಗುಲಿಗೆ ಇಳಿಯದೇ ಇರಬಹುದು. 'ಯಾರಿಗಾಗಿ' ಎಂದು ಬರೆಯುವ ಮುಂಚೆ ಅವರ ಮನೆಯಲ್ಲಿ ಆ ನಿಲಯ ಸಿಗುತ್ತದಾ ಎಂದು ಒಂದು ಸಲ ಹೋಗಿ ನೋಡಿ.

ಬೇರೆಯವರ ಪಾಡ್‌ಕಾಸ್ಟ್‌ಗೆ ಅತಿಥಿಯಾಗಿ ಹೋಗಲು ಬರೆಯುವುದು ಹೇಗೆ?

ಮೂರು ಸಾಲಿನ ಮೇಲ್. ಅವರ ಯಾವ ಕಂತು ಕೇಳಿದಿರಿ, ಅದರಲ್ಲಿ ಯಾವ ಮಾತು ಬಾಕಿ ಉಳಿಯಿತು, ಅದನ್ನು ನೀವು ಹೇಗೆ ಮುಂದುವರಿಸಬಲ್ಲಿರಿ. 'ನಿಮ್ಮ ಅಭಿಮಾನಿ' ಎಂದು ಬರೆದು ಒಂದು ಕಂತನ್ನೂ ಕೇಳದವರನ್ನು ಅವರು ಮೊದಲ ಸಾಲಿನಲ್ಲೇ ಹಿಡಿಯುತ್ತಾರೆ.

ಸ್ವಂತ ಪಾಡ್‌ಕಾಸ್ಟ್ ಮಾಡಿದರೆ ಯಾರಿಗೂ ಪ್ರಸ್ತಾವನೆ ಕೊಡಬೇಕಿಲ್ಲವಲ್ಲ?

ಬೇಕಿಲ್ಲ. ಅದೇ ಅದರ ಅಪಾಯ. ತಡೆಯುವವರು ಯಾರೂ ಇಲ್ಲದ ಕಾರಣ ಒಂದೂವರೆ ಗಂಟೆಯ ಹರಟೆಯನ್ನು ಹಾಗೇ ಹಾಕಿಬಿಡುತ್ತೇವೆ. ಆ ಒಂದು ಪುಟವನ್ನು ನಿಮಗೆ ನೀವೇ ಬರೆದುಕೊಳ್ಳಿ. ಮೂರು ಕಂತು ಪೂರ್ತಿ ಮಾಡಿಟ್ಟುಕೊಂಡೇ ಮೊದಲನೆಯದನ್ನು ಬಿಡಿ. ನಾಲ್ಕನೆಯದು ಮಾಡುವ ಹೊತ್ತಿಗೆ ಅಡಿಕೆಯ ಕೊನೆಕೊಯ್ಲು ಬರುತ್ತದೆ, ಇಲ್ಲವೇ ಮನೆಯಲ್ಲಿ ಮದುವೆ ಬರುತ್ತದೆ, ನೋಡುತ್ತಿರಿ.

ದುಡ್ಡು ಬರುತ್ತದಾ?

ಆಕಾಶವಾಣಿ ನಿಗದಿತ ದರದ ಸಂಭಾವನೆ ಕೊಡುತ್ತದೆ, ಬ್ಯಾಂಕ್ ಖಾತೆಗೆ. ಸಮುದಾಯ ಬಾನುಲಿಯಿಂದ ನಿರೀಕ್ಷಿಸಬೇಡಿ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಮತ್ತು ಒಂದು ವರ್ಷದಲ್ಲಿ 4,000 ಗಂಟೆಯ ವೀಕ್ಷಣೆ ಆಗಿರಬೇಕು. ತೋಟದ ಆದಾಯ ನಂಬಿಕೊಂಡು ಪಾಡ್‌ಕಾಸ್ಟ್ ಮಾಡಿ, ಪಾಡ್‌ಕಾಸ್ಟ್ ನಂಬಿಕೊಂಡು ತೋಟ ಮಾರಬೇಡಿ.

ನನ್ನ ಐಡಿಯಾ ಕದ್ದುಬಿಟ್ಟರೆ?

ಎಲ್ಲರಿಗೂ ಈ ಭಯ ಇದೆ. ಕಾನೂನಿನ ಮಾತು ಹೇಳುವುದಾದರೆ, ಬರೀ ಐಡಿಯಾಕ್ಕೆ ಕೃತಿಸ್ವಾಮ್ಯ ಇಲ್ಲ. ಅದನ್ನು ನೀವು ಬರೆದ, ಕಟ್ಟಿದ ರೂಪಕ್ಕೆ ಮಾತ್ರ ಇದೆ. 1978ರಲ್ಲಿ ಸುಪ್ರೀಂ ಕೋರ್ಟು ಆರ್.ಜಿ. ಆನಂದ್ ಪ್ರಕರಣದಲ್ಲಿ ಇದನ್ನೇ ಹೇಳಿತು. ನಾಟಕವೊಂದರ ವಸ್ತುವನ್ನು ಸಿನಿಮಾ ಮಾಡಿದ್ದಾರೆ ಎಂಬ ದೂರು ಅದು. ವಸ್ತು ಒಂದೇ ಆದರೂ ಕಟ್ಟಿದ ರೀತಿ ಬೇರೆ ಎಂದು ನಾಟಕಕಾರರಿಗೆ ಸೋಲಾಯಿತು.

ಹಾಗಾಗಿ ಬರಹದಲ್ಲಿ ಕೊಡಿ, ದಿನಾಂಕ ಹಾಕಿ, ಮೇಲ್‌ನಲ್ಲೂ ಒಂದು ಪ್ರತಿ ಕಳಿಸಿ. ಆದರೆ ಇನ್ನೊಂದು ಮಾತು. 'ಸುಲಿಯೋ ಹೊತ್ತು' ಐಡಿಯಾವನ್ನು ಯಾರಾದರೂ ಕದ್ದರೂ ಒಪ್ಪಿಕೊಂಡ ಆ ಎಂಟು ಮನೆಗಳನ್ನು ಕದಿಯಲಾರರು. ಹೆಂಗಸರು ಮೈಕಿನ ಮುಂದೆ ಬಾಯಿ ಬಿಡಬೇಕಾದರೆ ಗುರುತಿನವರು ಬೇಕು. ಕದಿಯಲು ಸುಲಭವಾದ ಐಡಿಯಾ ಅಂದರೆ ಅದರಲ್ಲಿ ನೀವು ಇನ್ನೂ ಇಲ್ಲ.

ಸಿನಿಮಾ ಹಾಡು, ಕವಿತೆ, ಜಾನಪದ ಹಾಡು ಬಳಸಬಹುದಾ?

ಸಿನಿಮಾ ಹಾಡನ್ನು ಪಾಡ್‌ಕಾಸ್ಟ್‌ನಲ್ಲಿ ಪರವಾನಗಿ ಇಲ್ಲದೆ ಬಳಸಬೇಡಿ. 'ಹತ್ತು ಸೆಕೆಂಡು ಆದರೆ ಪರವಾಗಿಲ್ಲ' ಎಂಬುದು ಬರೀ ಗಾಳಿಮಾತು. ಕವಿತೆಗೆ ಕವಿ ತೀರಿಕೊಂಡ ನಂತರ 60 ವರ್ಷ ಹಕ್ಕು ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಆದ್ದರಿಂದ ಅವರ ಕೃತಿಗಳಿಗೆ 2054ರ ಕೊನೆಯವರೆಗೆ ಅನುಮತಿ ಬೇಕು. ಕುಪ್ಪಳಿಯ ಪಕ್ಕದ ಊರಿನವರು ಎಂಬ ಸಲುಗೆ ಲೆಕ್ಕಕ್ಕಿಲ್ಲ.

ಜಾನಪದ ಹಾಡು ಯಾರೊಬ್ಬರದೂ ಅಲ್ಲ ನಿಜ, ಆದರೆ ಹಾಡಿದವರಿಗೆ ತಮ್ಮ ಹಾಡುಗಾರಿಕೆಯ ಮೇಲೆ ಹಕ್ಕಿದೆ. ಅಂಟಿಗೆ-ಪಂಟಿಗೆ ತಂಡದವರನ್ನು ಮುದ್ರಿಸಿಕೊಂಡರೆ ಎಲ್ಲಿ ಪ್ರಸಾರವಾಗುತ್ತದೆ ಎಂದು ಹೇಳಿ, ಮೈಕಿನಲ್ಲೇ ಒಪ್ಪಿಗೆ ಹೇಳಿಸಿಕೊಳ್ಳಿ, ಪ್ರತಿಯೊಬ್ಬರ ಹೆಸರನ್ನೂ ಓದಿ. ಪ್ರಸಾರದ ದಿನ ಅವರಿಗೆ ಫೋನ್ ಮಾಡಿ ತಿಳಿಸಿ. ಇದನ್ನು ಮರೆತು ನಾನೊಮ್ಮೆ ಒಂದು ಊರಿಗೆ ಎರಡು ವರ್ಷ ಮುಖ ತೋರಿಸಿರಲಿಲ್ಲ.

ನಮ್ಮ ಆಡುಮಾತಿನಲ್ಲೇ ಮಾತಾಡಬಹುದಾ? ಶುದ್ಧ ಕನ್ನಡ ಬೇಕಾ?

ಪ್ರಸ್ತಾವನೆ ಬರಹದ ಕನ್ನಡದಲ್ಲಿರಲಿ. ಕಾರ್ಯಕ್ರಮದಲ್ಲಿ ಜನ ಹೇಗೆ ಮಾತಾಡುತ್ತಾರೋ ಹಾಗೇ ಇರಲಿ. ಹವ್ಯಕರ ಮಾತು, ದೀವರ ಮಾತು, ಭದ್ರಾವತಿ ಕಾರ್ಖಾನೆ ಕಾಲೊನಿಯ ಕಲಬೆರಕೆ ಮಾತು, ಯಾವುದನ್ನೂ ತಿದ್ದಬೇಡಿ. ಆದರೆ ಆಡುಮಾತನ್ನು ನಗಿಸುವುದಕ್ಕೆಂದೇ ಬಳಸಿದರೆ ಮೊದಲು ರೇಡಿಯೊ ಆರಿಸುವವರು ಆ ಮಾತಿನವರೇ.

ಉತ್ತರವೇ ಬರಲಿಲ್ಲ. ಏನು ಮಾಡಲಿ?

ಮೂರು ವಾರ ಬಿಟ್ಟು ಒಂದು ಫೋನ್. ಆಮೇಲೆ ಇನ್ನೊಂದು ತಿಂಗಳು ಬಿಟ್ಟು ಇನ್ನೊಂದು. ನಿಲಯಗಳಲ್ಲಿ ಜನ ಕಡಿಮೆ, ಕೆಲಸ ಜಾಸ್ತಿ. ಬೇಕೆಂದೇ ಕಡೆಗಣಿಸಿದ್ದಾರೆ ಎಂದುಕೊಳ್ಳಬೇಡಿ. 'ಬೇಡ' ಎಂದರೆ ಯಾಕೆ ಎಂದು ಕೇಳಿ. 'ಈಗ ಬೇಡ', 'ಇಷ್ಟುದ್ದ ಬೇಡ', 'ನಮ್ಮ ವಿಭಾಗಕ್ಕೆ ಬೇಡ', ಈ ಮೂರೂ ಬೇರೆ ಬೇರೆ ಉತ್ತರಗಳು.

ಮಾದರಿ ಧ್ವನಿ ಹೇಗೆ ಮುದ್ರಿಸುವುದು? ನನ್ನ ಹತ್ತಿರ ಫೋನು ಮಾತ್ರ ಇದೆ. ಅದೂ ಈಗ ಮಳೆಗಾಲ.

ಫೋನು ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ, ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿಯಿರಿ. ಫ್ಯಾನು, ಫ್ರಿಜ್ಜು ಆರಿಸಿ. ಮಾತು ಮುಗಿದ ಮೇಲೆ ಅದೇ ಜಾಗದ ಮೌನವನ್ನು ಅರ್ಧ ನಿಮಿಷ ಮುದ್ರಿಸಿಕೊಳ್ಳಿ, ಎಡಿಟ್ ಮಾಡುವಾಗ ತೇಪೆ ಹಾಕಲು ಬೇಕಾಗುತ್ತದೆ. ಕತ್ತರಿಸಿ ಜೋಡಿಸಲು ಆಡಾಸಿಟಿ ಪುಕ್ಕಟೆ ಸಿಗುತ್ತದೆ. ಮೂರು ನಿಮಿಷ ಮೀರಬೇಡಿ. ವಾಟ್ಸಾಪ್‌ನಲ್ಲಿ ವಾಯ್ಸ್ ನೋಟ್ ಮಾಡಿ ಕಳಿಸಿದರೆ ಧ್ವನಿ ಹಿಂಡಿ ಹೋಗುತ್ತದೆ, ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ.

ಮಳೆಗೆ ಶೀಟಿನ ಮಾಡಿನ ಕೆಳಗೆ ಕೂರಲೇಬೇಡಿ, ಬಾಣಲೆಯಲ್ಲಿ ಏನೋ ಹುರಿಯುತ್ತಿರುವ ಹಾಗೆ ಕೇಳಿಸುತ್ತದೆ. ಹಂಚಿನ ಮನೆಯ ನಡುವಿನ ಕೋಣೆ ಒಳ್ಳೆಯದು. ನಮ್ಮ ಮನೆಯಲ್ಲಿ ಭತ್ತದ ಮೂಟೆ ಇಟ್ಟ ಕೋಣೆಯೇ ಸ್ಟುಡಿಯೊ. ಮೂರು ಕಡೆ ಮೂಟೆ, ಬಾಗಿಲಿಗೆ ಎರಡು ಕಂಬಳಿ. ಜೀರುಂಡೆ ಮಾತ್ರ ಸುಮ್ಮನಾಗುವುದಿಲ್ಲ. ರಾತ್ರಿ ಬಿಟ್ಟು ಬೆಳಗ್ಗೆ ಹತ್ತರ ನಂತರ, ಕರೆಂಟು ಹೋದಾಗ ಮುದ್ರಿಸಿ. ಮಿಕ್ಸಿ, ಟಿವಿ, ಪಂಪು ಎಲ್ಲವೂ ನಿಂತಿರುತ್ತವೆ.